ಒಣಮನೆಯೊಳಗೆ ನೀಲಿ ಬಾಟಲಿ

ಬಾಟಲಿ ಹಸಿರು ಬಣ್ಣದ್ದು ಎಂದವರು ಯಾರು? ನೀಲಿ. ಕಡುನೀಲಿ. ಮುಚ್ಚಳ ಕಳೆದುಹೋಗದಿರಲಿ ಎಂದು ಅದಕ್ಕೊಂದು ದಾರ ಕಟ್ಟಿದ್ದರು, ತಳದಲ್ಲಿ ಎಡಗಡೆಗೆ ಒಂದು ತಗ್ಗು ಬಿದ್ದಿತ್ತು. ನನಗೆ ವಯಸ್ಸಾಗಿದೆ, ನಿಜ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತೇನೆ, ಅದೂ ನಿಜ. ಹಾಗಂತ ಕತೆ ಮರೆಯುವಷ್ಟು ತಲೆ ಕೆಟ್ಟಿಲ್ಲ. ಅನುಮಾನ ಇರುವವರು ಎದ್ದುಹೋಗಿ ಒಲೆಯ ಮೇಲಿಟ್ಟ ಹಾಲು ಉಕ್ಕಿದೆಯಾ ನೋಡಿಕೊಳ್ಳಿ. ಉಳಿದವರು ಕೇಳಿ.

ಆ ನೀಲಿ ಬಾಟಲಿ ಈಗ ಕಡ್ಡಿಯ ಕೈಯಲ್ಲಿದೆ. ಮುಚ್ಚಳ ದಾರದಲ್ಲಿ ನೇತಾಡುತ್ತಿದೆ. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಗಿಡದ ಕಡೆ ನೋಡಿದಳು.

"ಪಾಪ, ನಿಂಗೂ ಬಾಯಾರಿಕೆ ಆಗಿದೆ ಅಲ್ವಾ?" ಎಂದು ಪಿಸುಗುಟ್ಟಿದಳು.

ಗಿಡ ಏನು ಹೇಳೀತು? ಎಲೆಗಳನ್ನೆಲ್ಲ ಮಡಚಿಕೊಂಡು, ಕೈಕಟ್ಟಿ ಕೂತ ಮಗುವಿನ ಹಾಗೆ ಸುಮ್ಮನೆ ನಿಂತಿತ್ತು.

ಕಡ್ಡಿ ಬಾಟಲಿ ಬಗ್ಗಿಸಿದಳು. ಉಳಿದಿದ್ದ ನೀರೆಲ್ಲ ಗುಳುಗುಳು ಎಂದು ಮಣ್ಣಿಗಿಳಿಯಿತು. ಮಣ್ಣು ಸುಂಯ್ ಎಂದು ಹೀರಿಕೊಂಡಿತು.

ಅಷ್ಟೇ. ಇಷ್ಟು ಸಣ್ಣ ಕೆಲಸ. ಇದರಿಂದ ಎಂಥ ಫಜೀತಿ ಆಯಿತು ಎಂದು ಹೇಳುತ್ತೇನೆ, ತಡೆಯಿರಿ.

ಕಡ್ಡಿ ಎನ್ನುವುದು ಅವಳ ನಿಜವಾದ ಹೆಸರಲ್ಲ ಬಿಡಿ. ಐದನೇ ಕ್ಲಾಸಿನ ಹುಡುಗಿ. ಎಷ್ಟು ತೆಳ್ಳಗೆಂದರೆ, ಬೆಲ್ಟಿಗೆ ಎಷ್ಟು ತೂತು ಹಾಕಿದರೂ ಸ್ಕರ್ಟು ಜಾರುತ್ತಿತ್ತು. ಅವಳ ಮಾವ ತಮಾಷೆಗೆ ಇಟ್ಟ ಹೆಸರು ಅದು. ಸ್ಕೂಲಿನ ಹಾಜರಿ ಒಂದು ಬಿಟ್ಟು ಎಲ್ಲ ಕಡೆ ಅದೇ ನಿಂತುಬಿಟ್ಟಿತು.

ಅವಳು ನಿಂತಿದ್ದು ಅಮ್ಮ ಕೆಲಸ ಮಾಡುವ ಗಾಜಿನ ಮನೆಯೊಳಗೆ. ಹಸು, ಕುರಿ, ಆಡುಗಳು ತಿನ್ನುವ ಮೇವಿನ ಗಿಡಗಳನ್ನು ಬೆಳೆಸಿ ಪರೀಕ್ಷೆ ಮಾಡುವ ಕೇಂದ್ರ ಅದು. ಅವರೆ, ಹುರುಳಿ ಇವೆಯಲ್ಲ, ಅದೇ ಬಳಗದ ಗಿಡಗಳು. ಅವುಗಳ ಹಾಗೇ ಕಾಯಿ ಬಿಡುತ್ತವೆ, ಆದರೆ ಆಡುಗಳಿಗೆ ಬೇಕಿರುವುದು ಎಲೆ. ಮಳೆ ಕಡಿಮೆ ಬೀಳುವ ಜಾಗದಲ್ಲಿ ಇವುಗಳಲ್ಲಿ ಯಾವುದು ತಡೆದುಕೊಂಡು ನಿಲ್ಲುತ್ತದೆ ಎಂದು ಕಂಡುಹಿಡಿಯುವುದು ಅಮ್ಮನ ಕೆಲಸ. ಕಂಡುಹಿಡಿಯುವುದು ಹೇಗೆ? ನೀರು ಕೊಡದೆ. ಮತ್ತಿನ್ನು ಹೇಗೆ?

ಅದಕ್ಕೇ ಆ ಗಾಜಿನ ಮನೆಯನ್ನು ಎಲ್ಲರೂ ಒಣಮನೆ ಎಂದು ಕರೆಯುತ್ತಿದ್ದರು. ಒಳಗೆ ಒಂದು ಹನಿ ನೀರೂ ಬರುವ ಹಾಗಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಹಲಗೆ. ಕುಡಿಯುವ ನೀರಿನ ಬಾಟಲಿ, ಟೀ ಲೋಟ, ಏನಿದ್ದರೂ ಅದರ ಮೇಲಿಟ್ಟು ಒಳಗೆ ಹೋಗಬೇಕು. ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ಕೂಡ ಟೀ ಲೋಟವನ್ನು ಅಲ್ಲೇ ಇಟ್ಟು ಹೋಗುತ್ತಿದ್ದರು. ಒಳಗಿದ್ದ ಒಂದೇ ಒಂದು ನಲ್ಲಿಯ ಹಿಡಿಯನ್ನು ಬಿಚ್ಚಿ, ಅಮ್ಮ ಐಡಿ ಕಾರ್ಡಿನ ಜೊತೆ ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ಯಾರೂ ಮರೆತು ಕೂಡ ನಲ್ಲಿ ತಿರುಗಿಸಬಾರದಲ್ಲ.

ಗಿಡಗಳಿದ್ದದ್ದು ಕುಂಡಗಳಲ್ಲಲ್ಲ, ಉದ್ದುದ್ದ ಪೈಪುಗಳಲ್ಲಿ. ಕಡ್ಡಿಯ ಎದೆಯೆತ್ತರದ ಪೈಪುಗಳು. ಪೈಪಿನ ಪ್ಲಾಸ್ಟಿಕ್ಕು ಗಾಜಿನ ಹಾಗೆ ಒಳಗಿನದೆಲ್ಲ ಕಾಣುವಂಥದ್ದು. ಆದರೆ ಬೇರಿಗೆ ಬೆಳಕು ಆಗುವುದಿಲ್ಲ, ಅದಕ್ಕೆ ಪ್ರತಿ ಪೈಪಿಗೂ ಕಪ್ಪು ಬಟ್ಟೆಯ ಅಂಗಿ ತೊಡಿಸಿದ್ದರು. ಪರೀಕ್ಷೆ ಮುಗಿಯುವವರೆಗೆ ಅಂಗಿ ಬಿಚ್ಚುವ ಹಾಗಿಲ್ಲ. ಯಾವ ಜಾತಿಯ ಗಿಡ ಯಾವುದು ಎಂದು ಗೊತ್ತಾಗಲು ಪೈಪಿನ ಕತ್ತಿಗೆ ಬಣ್ಣದ ಪಟ್ಟಿ. ಕೆಂಪು, ಹಳದಿ, ಬಿಳಿ.

ಬಿಳಿ ಪಟ್ಟಿಯ ಸಾಲಿನಲ್ಲಿ, ಮೂಲೆಯಲ್ಲಿತ್ತು ಆ ಪುಟ್ಟ ಗಿಡ. ಎಲ್ಲಕ್ಕಿಂತ ಕುಳ್ಳು. ಕಡ್ಡಿ ಅದಕ್ಕೆ ಪಾಪು ಎಂದು ಹೆಸರಿಟ್ಟಿದ್ದಳು.

ಬೇಸಿಗೆ ಎಂದು ಸ್ಕೂಲನ್ನು ಮಧ್ಯಾಹ್ನಕ್ಕೇ ಬಿಡುತ್ತಿದ್ದರು. ಕಡ್ಡಿ ಸೀದಾ ಕೇಂದ್ರಕ್ಕೆ ಬರುವಳು. ಅಮ್ಮ ಪಕ್ಕದ ಕೋಣೆಯಲ್ಲಿ ಕೈ ತೊಳೆದು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ, ಒಣಮನೆಯೊಳಗೆ ಹೋಗಿ ಗೋಡೆಯ ಥರ್ಮಾಮೀಟರ್ ನೋಡಿಕೊಂಡು ಬಂದು ಹೇಳುವುದು ಅವಳ ಡ್ಯೂಟಿ. ಊಟ ಮುಗಿದರೆ ಬೆಳಗಿನ ಪಾಳಿಯವರ ವ್ಯಾನಿನಲ್ಲಿ ಮನೆಗೆ, ಅಜ್ಜಿಯ ಹತ್ತಿರ.

ಹಾಗಾಗಿ ಅವಳು ಗಿಡಗಳನ್ನು ನೋಡುತ್ತಿದ್ದದ್ದು ನಡುಮಧ್ಯಾಹ್ನ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ನೆನಪನ್ನು ಅನುಮಾನಿಸುವ ಬದಲು ನಿಮ್ಮ ನೆನಪಿಗೆ ಸ್ವಲ್ಪ ಕೆಲಸ ಕೊಡಿ.

"ಅಮ್ಮ, ಬಿಳಿ ಪಟ್ಟಿ ಗಿಡಗಳು ಯಾಕೆ ಎಲೆ ಮಡಚ್ಕೊಂಡಿವೆ? ಸಾಯ್ತಾ ಇವ್ಯಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

ಅಮ್ಮ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಮಚ ಹಿಡಿದಿದ್ದಳು. "ಆಮೇಲೆ ಹೇಳ್ತೀನಿ. ಊಟ ಮಾಡು."

ಮಾರನೆಯ ದಿನವೂ ಕೇಳಿದಳು. "ಆಮೇಲೆ ಕಣೇ. ವ್ಯಾನ್ ಹೊರಡುತ್ತೆ, ಬೇಗ ತಿನ್ನು."

ಅಮ್ಮನ 'ಆಮೇಲೆ' ಯಾವತ್ತೂ ಬರಲಿಲ್ಲ. ಕಡ್ಡಿಯ ಬ್ಯಾಗಿನಲ್ಲಿ ಬಾಟಲಿ ಇತ್ತು, ಬಾಟಲಿಯಲ್ಲಿ ನೀರು ಇತ್ತು. ಒಂದು ದಿನ ಅವಳು ಬ್ಯಾಗನ್ನು ಹೊರಗಿಡದೆ ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದಳು. ಆಮೇಲೆ ಆದದ್ದನ್ನು ಆಗಲೇ ಹೇಳಿದೆನಲ್ಲ.

ಒಂದು ದಿನ ಹಾಕಿದವಳು ಮರುದಿನವೂ ಹಾಕಿದಳು. ಪಾಪು ಎಲೆ ಬಿಚ್ಚಿತು. ಕಡ್ಡಿಗೆ ಆದ ಖುಷಿ ಹೇಳತೀರದು. ಆಮೇಲೆ ದಿನಾ ಅದೇ ಅಭ್ಯಾಸವಾಯಿತು. ಸ್ಕೂಲಿನಲ್ಲಿ ತಾನು ಕಡಿಮೆ ನೀರು ಕುಡಿದು ಪಾಪುವಿಗೆ ಉಳಿಸುತ್ತಿದ್ದಳು. ಒದ್ದೆ ಮಣ್ಣು ಕಾಣದಿರಲಿ ಎಂದು ಮೇಲೆ ಒಂದು ಹಿಡಿ ಒಣಮಣ್ಣು ಉದುರಿಸುವುದನ್ನೂ ಕಲಿತಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮ್ಮ ಗಿಡಗಳನ್ನು ನೋಡಲು ಬರುತ್ತಿದ್ದದ್ದು ಬೆಳಿಗ್ಗೆ. ಅಷ್ಟರಲ್ಲಿ ಮೇಲಿನ ಮಣ್ಣು ಒಣಗಿ ಪುಡಿಪುಡಿಯಾಗಿರುತ್ತಿತ್ತು. ಅವಸರದ ಆ ಸುತ್ತಿನಲ್ಲಿ ಮೂಲೆಯ ಕುಳ್ಳು ಗಿಡದ ತನಕ ಅವಳ ಕಣ್ಣು ಹೋಗುತ್ತಿರಲಿಲ್ಲ.

ಇನ್ನು ಮಾವನ ವಿಷಯ ಹೇಳಬೇಕು. ಮಾವ ಎಂದರೆ ಅಮ್ಮನ ತಮ್ಮ. ಊರ ಹೊರಗೆ ಕಲ್ಲುಗುಡ್ಡದ ಇಳಿಜಾರಿನಲ್ಲಿ ಆಡು ಸಾಕಿದ್ದ. ಬಾಯಿ ತೆರೆದರೆ ತಮಾಷೆ. ಅವನ ಎಲ್ಲ ಅಂಗಿಗಳ ಕಾಲರನ್ನೂ ಆಡುಗಳು ಜಗಿದಿದ್ದವು. "ಇದು ಡಿಸೈನು ಕಣೇ" ಎಂದು ಕಡ್ಡಿಗೆ ಹೇಳುತ್ತಿದ್ದ.

ಆ ಮಂದೆಯಲ್ಲಿ ಒಂದು ಮರಿ ಇತ್ತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಹೆಸರು ಓರೆಗಿವಿ. ಕಡ್ಡಿ ಹೋದರೆ ಸಾಕು, ಓಡಿಬಂದು ಅವಳ ಜಡೆಯ ತುದಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಒಂದು ಭಾನುವಾರ ಕಡ್ಡಿ ಮತ್ತು ಅಮ್ಮ ಗುಡ್ಡಕ್ಕೆ ಹೋದಾಗ ಮಾವ ತಮಾಷೆ ಮಾಡಲಿಲ್ಲ. ಇಳಿಜಾರಿನ ಮಣ್ಣನ್ನು ಕಾಲಿನಿಂದ ಕೆದಕುತ್ತಾ ನಿಂತಿದ್ದ.

"ಅಕ್ಕ, ಹೋದ ಸಲ ಬಿತ್ತಿದ ಮೇವು ಮಳೆ ನಿಂತ ಮೇಲೆ ಒಂದೇ ವಾರಕ್ಕೆ ಮಲಗಿಬಿಡ್ತು. ಈ ಸಲನೂ ಹಾಗಾದ್ರೆ ಬರೋ ಬೇಸಿಗೇಲಿ ಇವಕ್ಕೆ ಏನು ಹಾಕ್ಲಿ? ಅರ್ಧ ಮಂದೆಯನ್ನ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ಓರೆಗಿವಿನೂ ಕೊಡ್ತೀಯಾ?" ಎಂದು ಕಡ್ಡಿ ಕೇಳಿದಳು.

ಜಡೆ ಜಗಿಯುತ್ತಿದ್ದ ಮರಿಯನ್ನು ಮಾವ ಬಿಡಿಸಿ ಕೆಳಗಿಟ್ಟ.

"ಈ ಸಲ ಒಳ್ಳೇ ಬೀಜ ಕೊಡ್ತೀನಿ ಕಣೋ" ಎಂದಳು ಅಮ್ಮ. "ಪರೀಕ್ಷೆ ಮುಗಿಯೋಕೆ ಬಂತು. ನೀರಿಲ್ಲದೆ ಯಾವುದು ನಿಲ್ಲುತ್ತೋ ಅದರ ಬೀಜ ಮೊದಲು ನಿನ್ನ ಗುಡ್ಡಕ್ಕೇ. ಮಳೆ ಶುರುವಾಗೋದರೊಳಗೆ ಬಂದು ತಗೊಂಡು ಹೋಗು."

ಅದಾದ ಕೆಲವು ದಿನಕ್ಕೆ ಥರ್ಮಾಮೀಟರಿನ ಗಾಜು ಒರೆಸಲೆಂದು ಅಮ್ಮನೇ ಮಧ್ಯಾಹ್ನ ಒಣಮನೆಯೊಳಗೆ ಬಂದಳು. ಕಡ್ಡಿ ಹಿಂದೆಯೇ ಇದ್ದಳು. ಮೂಲೆಗೆ ಬಂದವಳೇ ಅಮ್ಮ ನಿಂತುಬಿಟ್ಟಳು.

"ಇದೇನಿದು?"

ಬಿಳಿ ಪಟ್ಟಿಯ ಗಿಡಗಳೆಲ್ಲ ಬಡಕಲಾಗಿದ್ದವು. ಕೆಳಗಿನ ಎಲೆ ಉದುರಿಸಿ, ಮೇಲಿನ ಎಲೆ ಮಡಚಿ ನಿಂತಿದ್ದವು. ಪಾಪು ಮಾತ್ರ ಅಗಲಗಲ ಎಲೆ ಹರಡಿಕೊಂಡು, ಹೂ ಬಿಟ್ಟು, ಕಾಯಿ ಕಟ್ಟಿ, ಮದುವೆಮನೆಗೆ ಹೊರಟವರ ಹಾಗೆ ನಳನಳಿಸುತ್ತಿತ್ತು.

ಸಿಕ್ಕಿಬಿದ್ದೆ ಎಂದುಕೊಂಡಳು ಕಡ್ಡಿ. ಆದರೆ ಅಮ್ಮ ತಿರುಗಿದಾಗ ಮುಖ ತುಂಬ ನಗು.

"ನೋಡೇ, ಇಂಥ ಬಿಸಿಲಲ್ಲಿ, ಹನಿ ನೀರಿಲ್ಲದೆ! ಇಷ್ಟು ಗಿಡಗಳ ನಡುವೆ ಎಲ್ಲೋ ಒಂದು ಹೀಗೆ ಬೇರೆ ಥರ ಹುಟ್ಟುತ್ತೆ. ಅಂಥದ್ದು ಕಣ್ಣಿಗೆ ಬೀಳಲಿ ಅಂತ ನಾವು ವರ್ಷಗಟ್ಟಲೆ ಕಾಯ್ತೀವಿ ಗೊತ್ತಾ?"

ಕಡ್ಡಿ ಬಾಯಿ ತೆರೆದಳು. ಆದರೆ ಅಮ್ಮ ಅವಳ ಕೆನ್ನೆ ಹಿಂಡಿ, ಆಗಲೇ ಓಡಿದ್ದಳು.

ದೊಡ್ಡ ಮೇಡಂ ಬಂದರು. ಟೀ ಲೋಟವನ್ನು ಹಲಗೆಯ ಮೇಲಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಪಾಪುವಿನ ಸುತ್ತ ಒಂದು ಸುತ್ತು ಹಾಕಿದರು. ಮಡಚಿ ನಿಂತ ಉಳಿದ ಗಿಡಗಳನ್ನೂ ನೋಡಿದರು.

"ಕೆಂಪು, ಹಳದಿ ಆಗಲೇ ಒಣಗಿಹೋದವು. ಇವು ಬದುಕೋದೇನೋ ಬದುಕ್ತವೆ. ಆದ್ರೆ ಆಡಿನ ಬಾಯಿಗೆ ಎಲೆ ಬೇಕಲ್ಲ" ಎಂದರು. "ಎಲೆಯನ್ನೂ ಕೊಡೋದು ಇದೊಂದೇ. ಇದರ ಬೀಜ ಇಟ್ಕೊಳ್ಳಿ. ಅದಾದ ಮೇಲೆ ಉಳಿದ ಬಿಳಿ ಪಟ್ಟಿ ಎಲ್ಲ ಕಿತ್ತು ಜಾಗ ಖಾಲಿ ಮಾಡಿ."

ಆಮೇಲೆ ಫೋನು ತೆಗೆದು ಪಾಪುವಿನ ಫೋಟೋ ಹೊಡೆದರು. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. ಕಡ್ಡಿಯನ್ನೂ ಪಕ್ಕಕ್ಕೆ ನಿಲ್ಲಿಸಿ ಒಂದು ಹೊಡೆದರು. ಆ ಫೋಟೋದಲ್ಲಿ ಕಡ್ಡಿಯ ಮುಖ ನೋಡಬೇಕಿತ್ತು ನೀವು. ಹಲ್ಲುನೋವು ಬಂದವರು ನಕ್ಕ ಹಾಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನದು ಅದೇ ಮಾತು, ಅಜ್ಜಿಗೂ ಅದೇ ಮಾತು. ಕಡ್ಡಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಾ ಕೂತಳು.

ಹೇಳಿಬಿಡಲಾ? ಹೇಳಿದರೆ ಅಮ್ಮನ ಆ ನಗು ಹೋಗಿಬಿಡುತ್ತದೆ. ಇಷ್ಟು ದಿನದ ಕೆಲಸ ಹಾಳಾಯಿತು ಎನ್ನುತ್ತಾಳೆ. ಹೇಳದಿದ್ದರೆ? ಹೇಳದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಪಾಪು ಗೆದ್ದುಬಿಡುತ್ತದೆ.

ಅವಳು ಹೇಳಲಿಲ್ಲ. ಮರುದಿನ ನೀರು ಹಾಕುವುದನ್ನೂ ಬಿಡಲಿಲ್ಲ. ಈಗ ಬಿಟ್ಟರೆ ಪಾಪು ಬಾಡಿ ಎಲ್ಲ ಬಯಲಾಗುತ್ತದಲ್ಲ. ಮೊದಲು ಪ್ರೀತಿಯಿಂದ ಹಾಕುತ್ತಿದ್ದವಳು ಈಗ ಹೆದರಿಕೆಯಿಂದ ಹಾಕುತ್ತಿದ್ದಳು. ನೀರು ಅದೇ, ಬಾಟಲಿ ಅದೇ, ಆದರೆ ಬಗ್ಗಿಸುವ ಮೊದಲು ಬಾಗಿಲ ಕಡೆ ಎರಡೆರಡು ಸಲ ನೋಡುತ್ತಿದ್ದಳು.

ಕಾಯಿ ಬಲಿತವು. ಅಮ್ಮ ತಮ್ಮನಿಗೆ ಫೋನು ಮಾಡಿದಳು.

ಮಾವ ಬಂದದ್ದು ಕಡ್ಡಿ ಸ್ಕೂಲಿನಿಂದ ಬರುವ ಹೊತ್ತಿಗೇ. ಕಾಲರ್ ಇಲ್ಲದ ಅಂಗಿ, ಕೈಯಲ್ಲಿ ಬೀಜ ಹಾಕಿಕೊಳ್ಳಲು ಒಂದು ಖಾಲಿ ಡಬ್ಬಿ. ಹಳೆಯ ಉತ್ಸಾಹವೆಲ್ಲ ವಾಪಸ್ ಬಂದಿತ್ತು.

"ಏನೇ ಕಡ್ಡಿ, ಗಾಳಿಗೆ ಹಾರಿಹೋಗಿಲ್ವಾ ಇನ್ನೂ?" ಎಂದು ತಲೆ ಸವರಿದ. "ಎಲ್ಲಿ ನಿಮ್ಮ ಪೈಲ್ವಾನ್ ಗಿಡ, ತೋರಿಸು."

ಮೂವರೂ ಒಣಮನೆಯೊಳಗೆ ಹೋದರು. ಪಾಪುವನ್ನು ನೋಡಿ ಮಾವ ಸಿಳ್ಳೆ ಹೊಡೆದ.

"ಅಕ್ಕ, ಇದಕ್ಕೆ ನಿಜವಾಗ್ಲೂ ನೀರೇ ಹಾಕಿಲ್ವಾ?"

"ಮೊದಲು ಮಣ್ಣು ನೆನೆಸಿದ್ದೇ ಕೊನೆ. ನಲ್ಲಿ ಹಿಡಿ ನನ್ನ ಕುತ್ತಿಗೇಲಿದೆ ನೋಡು."

"ಹಾಗಾದ್ರೆ ಇಡೀ ಇಳಿಜಾರಿಗೆ ಇದೇ. ಈ ವರ್ಷ ಒಂದು ಮೂಲೇಲಿ ಬಿತ್ತಿ ಬೀಜ ಮಾಡ್ಕೋತೀನಿ, ಮುಂದಿನ ವರ್ಷ ಪೂರ್ತಿ. ಬೇರೆ ಏನೂ ಹಾಕಲ್ಲ." ಅವನು ಡಬ್ಬಿ ಕೆಳಗಿಟ್ಟು ತೋಳು ಮಡಚಿದ. "ನೀನು ಬೀಜ ಬಿಡಿಸು. ಅಷ್ಟರಲ್ಲಿ ನಾನು ಈ ಒಣಕಲುಗಳನ್ನ ಕಿತ್ತುಹಾಕ್ತೀನಿ. ಮೇಡಂ ಜಾಗ ಖಾಲಿ ಮಾಡಿ ಅಂದಿದ್ದಾರಂತಲ್ಲ."

ಪಾಪುವಿನ ಪಕ್ಕದ ಪೈಪಿಗೆ ಬಗ್ಗಿ, ಆ ಬಡಕಲು ಗಿಡದ ಬುಡಕ್ಕೆ ಕೈ ಹಾಕಿದ.

ಕಡ್ಡಿಗೆ ಏನು ಕಂಡಿತೋ ಕೇಳಿ. ಗಿಡ ಕಾಣಲಿಲ್ಲ. ಕಲ್ಲುಗುಡ್ಡದ ಇಳಿಜಾರು ಕಂಡಿತು. ಅದರ ತುಂಬ ಪಾಪುವಿನ ಮಕ್ಕಳು. ಮೇಲೆ ಸುಡುವ ಬಿಸಿಲು. ಪಕ್ಕದಲ್ಲಿ ನಿಂತ ಓರೆಗಿವಿ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ.

"ಮಾವ, ಕೀಳ್ಬೇಡ."

"ಯಾಕೆ, ಇದಕ್ಕೂ ಹೆಸರಿಟ್ಟಿದ್ದೀಯಾ?"

ಕಡ್ಡಿ ಬ್ಯಾಗಿನ ಜಿಪ್ಪು ಎಳೆದಳು. ನೀಲಿ ಬಾಟಲಿ ತೆಗೆದು ನೆಲದ ಮೇಲೆ, ಅಮ್ಮನಿಗೂ ಮಾವನಿಗೂ ನಡುವೆ ಇಟ್ಟಳು. ಒಣಮನೆಯೊಳಗೆ ಯಾರೂ ತರದ ವಸ್ತು ಅದು. ಒಳಗೆ ನೀರು ತುಳುಕಿದ ಸದ್ದು ಮೂವರಿಗೂ ಕೇಳಿಸಿತು.

"ಪಾಪುಗೆ ನಾನು ನೀರು ಹಾಕ್ತಿದ್ದೆ" ಎಂದಳು. "ದಿನಾ."

ಮಾವ ನಕ್ಕ. ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ.

"ಯಾವತ್ತಿಂದ?" ಅಮ್ಮನ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು ಎನ್ನಿಸಿತು ಕಡ್ಡಿಗೆ.

"ಸ್ಕೂಲು ಮಧ್ಯಾಹ್ನ ಬಿಡೋಕೆ ಶುರುವಾದಾಗಿಂದ."

"ಎಷ್ಟು ಹಾಕ್ತಿದ್ದೆ?"

"ಬಾಟಲಿಯಲ್ಲಿ ಉಳಿದಿದ್ದು. ಅರ್ಧ. ಕೆಲವು ಸಲ ಜಾಸ್ತಿ."

ಅಮ್ಮ ಸ್ಟೂಲಿನ ಮೇಲೆ ಕೂತಳು. ಕುತ್ತಿಗೆಯ ನಲ್ಲಿ ಹಿಡಿಯನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡಿದಳು.

"ಇದನ್ನ ಕುತ್ತಿಗೆಗೆ ಹಾಕ್ಕೊಂಡು ಓಡಾಡ್ತಿದ್ದೆ. ಎಂಥ ಜಾಣೆ ನಾನು" ಎಂದಳು. ಆಮೇಲೆ ಕೇಳಿದಳು, "ಇವತ್ತು ಯಾಕೆ ಹೇಳಿದೆ?"

ಕಡ್ಡಿಯ ಕಣ್ಣಿಂದ ನೀರು ಬರಲು ಶುರುವಾಗಿತ್ತು. ಒಣಮನೆಯೊಳಗೆ ಅಳಬಹುದೋ ಇಲ್ಲವೋ ಗೊತ್ತಾಗದೆ, ಗಿಡಗಳಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಮಾವನ ಗುಡ್ಡದಲ್ಲಿ ದಿನಾ ಬಾಟಲಿ ತರೋಕೆ ಯಾರೂ ಇರಲ್ಲ."

ಮಾವ ಆ ಬಡಕಲು ಗಿಡದ ಬುಡದಿಂದ ಮೆಲ್ಲಗೆ ಕೈ ತೆಗೆದ.

ದೊಡ್ಡ ಮೇಡಂಗೆ ಹೇಳದೆ ಇರುವಂತಿಲ್ಲವಲ್ಲ. ಅಮ್ಮ ಹೋಗಿ ಕರೆತಂದಳು. ಮೇಡಂ ಎಲ್ಲ ಕೇಳಿಸಿಕೊಂಡರು. ಕಡ್ಡಿಯನ್ನು ನೋಡಿದರು, ಬಾಟಲಿಯನ್ನು ನೋಡಿದರು, ಮೇಲೆ ಗಾಜಿನ ಛಾವಣಿಯನ್ನು ನೋಡಿದರು.

"ಫೋಟೋ ಎಲ್ಲರಿಗೂ ಕಳಿಸಿಬಿಟ್ಟಿದ್ದೀನಿ" ಎಂದರು. "ನನ್ನ ಟೀಚರಿಗೂ ಕಳಿಸಿದ್ದೀನಿ. ಅವರು ಚಪ್ಪಾಳೆ ಚಿತ್ರ ಕಳಿಸಿದ್ರು. ಈಗ ಆ ಚಪ್ಪಾಳೆ ವಾಪಸ್ ಕೊಡ್ಬೇಕು."

"ಸಾರಿ ಮೇಡಂ" ಎಂದಳು ಕಡ್ಡಿ. ನೆಲಕ್ಕೂ ಕೇಳಿಸದಷ್ಟು ಮೆಲ್ಲಗೆ.

"ಬೀಜ ಹೊರಗೆ ಹೋಗೋಕೆ ಮುಂಚೆ ಹೇಳಿದೆಯಲ್ಲ, ಸದ್ಯ." ಮೇಡಂ ಅಮ್ಮನ ಕಡೆ ತಿರುಗಿದರು. "ಇನ್ನೇನು, ಅಂಗಿ ಬಿಚ್ಚಿ ನೋಡೇಬಿಡಿ. ಈ ಗಿಡದ್ದೂ, ಇದರ ಪಕ್ಕದ್ದೂ. ಬೇಗ, ನನ್ನ ಟೀ ಆರ್ತಿದೆ."

ಅಮ್ಮ ಮೊದಲು ಪಾಪುವಿನ ಪೈಪಿನ ಕಪ್ಪು ಅಂಗಿಯನ್ನು ಕೆಳಗಿಳಿಸಿದಳು. ಒಳಗೆ ಮಣ್ಣು, ಬೇರು, ಎಲ್ಲ ಕಂಡಿತು. ಬೇರುಗಳೆಲ್ಲ ಮೇಲೇ ಇದ್ದವು. ಬಾಚದ ತಲೆಯ ಸಿಕ್ಕಿನ ಹಾಗೆ ಮೇಲಿನ ಒಂದು ಗೇಣಿನಲ್ಲೇ ಸುತ್ತಿಕೊಂಡು ಗಂಟುಗಂಟಾಗಿದ್ದವು. ಅದರ ಕೆಳಗೆ ಬರಿ ಮಣ್ಣು. ತಳದಲ್ಲಿ ಇನ್ನೂ ಪಸೆ ಇದ್ದ ಕಪ್ಪು ಮಣ್ಣು, ಯಾವ ಬೇರೂ ಮುಟ್ಟದೆ ಹಾಗೇ ಉಳಿದಿತ್ತು.

ಆಮೇಲೆ ಪಕ್ಕದ ಗಿಡದ ಅಂಗಿ ಇಳಿಯಿತು. ಮಾವ ಕೀಳಲು ಹೋಗಿದ್ದನಲ್ಲ, ಅದೇ ಬಡಕಲು. ಒಂದು ಗಟ್ಟಿ ಬೇರು ನೇರ ಕೆಳಗೆ ಹೊರಟಿತ್ತು, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಕಡ್ಡಿ ಅದರ ಜೊತೆಗೇ ಬಗ್ಗುತ್ತಾ ಬಗ್ಗುತ್ತಾ ಕೊನೆಗೆ ನೆಲದ ಮೇಲೆ ಕೂತಳು. ಬೇರು ಇನ್ನೂ ಮುಗಿದಿರಲಿಲ್ಲ. ಪೈಪಿನ ತಳ ಮುಟ್ಟಿ, ಪಸೆ ಇದ್ದ ಮಣ್ಣಿನಲ್ಲಿ ಬೆಳ್ಳಗೆ ಕವಲೊಡೆದು ಹರಡಿಕೊಂಡಿತ್ತು.

"ಅಬ್ಬಾ" ಎಂದ ಮಾವ. "ಇದನ್ನಾ ನಾನು ಕೀಳೋಕೆ ಹೋಗಿದ್ದು?"

ದೊಡ್ಡ ಮೇಡಂ ಬಗ್ಗಿ ಬೇರಿನ ತುದಿಯವರೆಗೆ ನೋಡಿದರು. "ನಾನೂ ಕೀಳಿ ಅಂದಿದ್ದೆ" ಎಂದಷ್ಟೇ ಹೇಳಿ ಟೀ ಕಡೆ ಹೊರಟರು. ಬಾಗಿಲಲ್ಲಿ ನಿಂತು, "ಬಿಳಿ ಪಟ್ಟಿ ಒಂದನ್ನೂ ಮುಟ್ಟಬೇಡಿ" ಎಂದು ಸೇರಿಸಿದರು.

ಆ ಬಡಕಲು ಗಿಡಗಳಲ್ಲೂ ಅಲ್ಲೊಂದು ಇಲ್ಲೊಂದು ಕಾಯಿ ಇದ್ದವು. ಸಣ್ಣವು, ಹುಡುಕಿದರೆ ಸಿಗುವಂಥವು. ಅಮ್ಮ ಬಿಡಿಸಿ ಬಿಡಿಸಿ ಮಾವನ ಡಬ್ಬಿಗೆ ಹಾಕಿದಳು. ತಳವೂ ಮುಚ್ಚಲಿಲ್ಲ. ಮಾವ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿಸಿಕೊಂಡ.

"ಇಷ್ಟೇ ಸಾಕು. ಇದನ್ನೇ ಬೆಳೆಸ್ತೀನಿ" ಎಂದ. ಹೋಗುವಾಗ ಕಡ್ಡಿಯ ಜಡೆಯನ್ನು ಆಡಿನ ಹಾಗೆ ಒಮ್ಮೆ ಎಳೆದು ಹೋದ.

ಈಗ ಒಳಗೆ ಅಮ್ಮ, ಮಗಳು ಇಬ್ಬರೇ. ಅಮ್ಮ ಪೈಪುಗಳಿಗೆ ಅಂಗಿ ಏರಿಸುತ್ತಿದ್ದಳು. ಕಡ್ಡಿ ಆ ಬಡಕಲು ಗಿಡದ ಮುಂದೆಯೇ ಕೂತಿದ್ದಳು.

"ಅಮ್ಮ, ಕೆಳಗೆ ಅಷ್ಟುದ್ದ ಬೇರಿದೆ. ಮತ್ತೆ ಮೇಲೆ ಎಲೆ ಯಾಕೆ ಹೀಗೆ ಮಡಚ್ಕೊಂಡಿದೆ? ಅದಕ್ಕೆ ನೋವಾಗ್ತಿದೆಯಾ?"

"ಆಮೇಲೆ..." ಎಂದಳು ಅಮ್ಮ. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಅಮ್ಮ ಬಾಗಿಲಿಗೆ ಹೋಗಿ, "ಅವಳು ಇವತ್ತು ಬರಲ್ಲ, ನೀವು ಹೊರಡಿ" ಎಂದು ಕೈ ಬೀಸಿದಳು. ಅಜ್ಜಿಗೆ ಫೋನು ಮಾಡಿದಳು. ಒಂದು ಸ್ಟೂಲು ಎಳೆದು ಕಡ್ಡಿಯ ಮುಂದಿಟ್ಟಳು.

"ಕೂತ್ಕೋ. ನಾನು ಹೇಳಲ್ಲ. ನೀನೇ ನೋಡು."

ಕಡ್ಡಿ ಕೂತಳು. ಅಮ್ಮ ಕೆಲಸ ಮಾಡಿಕೊಂಡಳು. ಬಿಸಿಲು ಮೊದಲು ಛಾವಣಿಯಿಂದ ಇಳಿಯಿತು, ಆಮೇಲೆ ಗೋಡೆಯಿಂದ, ಆಮೇಲೆ ಪೈಪುಗಳ ಮೇಲಿನಿಂದ. ಕಡ್ಡಿಗೆ ತೂಕಡಿಕೆ ಬಂತು. ಕಣ್ಣುಜ್ಜಿಕೊಂಡು ನೋಡುತ್ತಾಳೆ, ಬಡಕಲು ಗಿಡದ ಒಂದು ಎಲೆ ಬಿಚ್ಚಿಕೊಂಡಿದೆ.

ಯಾವಾಗ ಬಿಚ್ಚಿತು? ಅವಳು ನೋಡುತ್ತಲೇ ಇದ್ದಳು, ಆದರೂ ಕಾಣಲಿಲ್ಲ. ಇನ್ನೊಂದು ಬಿಚ್ಚಿತು. ಪಕ್ಕದ ಗಿಡದ್ದು, ಅದರ ಪಕ್ಕದ್ದು. ಬಿಳಿ ಪಟ್ಟಿಯ ಇಡೀ ಸಾಲು ಮೆಲ್ಲಗೆ ಅಂಗೈ ಬಿಚ್ಚುತ್ತಿತ್ತು. ಎಲೆಗಳು ಕೆಲವೇ, ಸಣ್ಣವೇ. ಆದರೆ ಒಂದೊಂದೂ ಹಸಿರಾಗಿತ್ತು.

"ದಿನಾ ಹೀಗೇ ಮಾಡ್ತವಾ?"

"ದಿನಾ. ನೀನು ಮನೆಗೆ ಹೋದ ಮೇಲೆ" ಎಂದಳು ಅಮ್ಮ. "ಬಿಸಿಲು ನೆತ್ತಿಗೆ ಬಂದಾಗ ಎಲೆ ಅಗಲ ಮಾಡಿದ್ರೆ ಇದ್ದಬದ್ದ ನೀರೆಲ್ಲ ಆರಿಹೋಗುತ್ತೆ. ಅದಕ್ಕೆ ಅಂಚು ಮಾತ್ರ ಬಿಸಿಲಿಗೆ ಕೊಟ್ಟು ನಿಲ್ತವೆ."

ಕಡ್ಡಿ ಯೋಚಿಸಿದಳು. "ನಾವು ಬಸ್‌ಸ್ಟಾಪಲ್ಲಿ ಕಂಬದ ನೆರಳಿಗೆ ಅಡ್ಡಡ್ಡ ನಿಂತ್ಕೋತೀವಲ್ಲ, ಹಾಗೆ."

"ಹಾಗೇ" ಎಂದಳು ಅಮ್ಮ. ಮಧ್ಯಾಹ್ನದಿಂದ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ನಗು ಕಂಡಿತು.

"ಪಾಪುನ ಏನು ಮಾಡ್ತೀಯಾ? ಕಿತ್ತುಹಾಕ್ತೀಯಾ?"

"ಪರೀಕ್ಷೆಗೆ ಅದು ಲೆಕ್ಕಕ್ಕಿಲ್ಲ. ಆದ್ರೂ ಇರಲಿ. ಇನ್ನು ನೀರು ಕೊಡದೆ ನೋಡೋಣ. ಕೆಳಗೆ ಪಸೆ ಇದೆ. ಹುಡುಕ್ಕೊಂಡು ಹೋಗುತ್ತೋ ಇಲ್ವೋ, ಅದಕ್ಕೆ ಬಿಟ್ಟಿದ್ದು."

ಮಾರನೆಯ ದಿನ ಕಡ್ಡಿ ಬಂದಾಗ ಅಮ್ಮ ಎಂದಿನಂತೆ, "ಥರ್ಮಾಮೀಟರ್ ನೋಡ್ಕೊಂಡು ಬಾ" ಎಂದಳು. ಅಷ್ಟೇ. ಕಡ್ಡಿ ನೀಲಿ ಬಾಟಲಿ ತೆಗೆದು ಹಲಗೆಯ ಮೇಲೆ, ದೊಡ್ಡ ಮೇಡಂ ಲೋಟದ ಪಕ್ಕದಲ್ಲಿಟ್ಟಳು. ಎದ್ದು ಕಾಣುವ ಜಾಗದಲ್ಲೇ ಇಟ್ಟಳು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಪಾಪುವಿನ ಎಲೆಗಳು ಒಗೆದು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದವು. ಕಾಂಡ ಬಾಗಿತು. ಕೆಳಗಿನ ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಕಡ್ಡಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಬಾಗಿಲ ಹೊರಗಿದ್ದ ಬಾಟಲಿ ಗಾಜಿನ ಮೂಲಕ ಕಾಣುತ್ತಿತ್ತು. ಅವಳು ಆ ಕಡೆ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಳಗೆ ಹೋದವಳು ಹೊರಗೆ ಬರಲು ತಡಮಾಡಿದಳು.

ಪಾಪು ಬಡಕಲಾಗಿತ್ತು. ಉಳಿದಿದ್ದದ್ದು ತುದಿಯ ಕೆಲವು ಎಲೆ ಮಾತ್ರ. ಆದರೆ ಆ ಎಲೆಗಳು ಇವತ್ತು ಜೋತುಬಿದ್ದಿರಲಿಲ್ಲ. ಅಕ್ಕಪಕ್ಕದ ಗಿಡಗಳ ಹಾಗೆಯೇ ನೆಟ್ಟಗೆ ಮಡಚಿಕೊಂಡು, ಬಿಸಿಲಿಗೆ ಅಂಚು ಕೊಟ್ಟು ನಿಂತಿದ್ದವು.

ಕಡ್ಡಿ ಹತ್ತಿರ ಹೋದಳು. ಕಪ್ಪು ಅಂಗಿಯ ಮೇಲಿಂದಲೇ ಪೈಪನ್ನು ಮುಟ್ಟಿದಳು. ಮೇಲೊಂದು ಕೈ ಇಟ್ಟು ನೋಡಿದಳು, ಆಮೇಲೆ ಕೆಳಗೆ, ಇನ್ನೂ ಕೆಳಗೆ.

"ಎಷ್ಟಿದೆಯೇ ಬಿಸಿಲು?" ಅಮ್ಮ ಪಕ್ಕದ ಕೋಣೆಯಿಂದ ಕೂಗಿದಳು.

"ನೋಡೋದು ಮರೆತೆ" ಎಂದಳು ಕಡ್ಡಿ. "ಇವತ್ತೂ ವ್ಯಾನಿಗೆ ಹೋಗಲ್ಲ ಅಮ್ಮ. ಸಂಜೆ ತನಕ ಇಲ್ಲೇ ಇರ್ತೀನಿ."

ಸ್ಟೂಲನ್ನು ಎಳೆದುಕೊಂಡು ಪಾಪುವಿನ ಮುಂದೆ ಕೂತಳು.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ, ಗಂಟಲು ಒಣಗಿದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹತ್ತು ಹನ್ನೊಂದು ವಯಸ್ಸಿನದು ಯಾವುದಾದರೂ ಇದ್ದರೆ ಕೂರಿಸಿಕೊಂಡು ಈ ಕತೆ ಹೇಳಿ. ಓರೆಗಿವಿಯ ಯಾವ ಕಿವಿ ಮೇಲೆ, ಯಾವುದು ಕೆಳಗೆ ಎಂದು ಕೇಳಿದರೆ ನಿಮಗೆ ತೋಚಿದ್ದು ಹೇಳಿ, ಪರವಾಗಿಲ್ಲ. ಬಾಟಲಿ ಮಾತ್ರ ನೀಲಿ.